ಸೊಪ್ಪಿನ ಬೆಟ್ಟದ ಮೇಲಿನ ಅಂತರ್ಜಾಲ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಾದ ನಮಗೆ ಬೆಟ್ಟವೆಂದರೆ ಬರೀ ಎತ್ತರದ ಜಾಗವಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು, ಒಲೆಗೆ ಪುಳ್ಳೆ ಕೊಡುವ ಜಾಗ ಅದು. ಬ್ರಿಟಿಷರ ಕಾಲದಿಂದಲೂ ಈ ಸೊಪ್ಪಿನ ಬೆಟ್ಟಗಳ ಮೇಲೆ ಯಾರಿಗೆ ಏನು ಸವಲತ್ತು ಎಂಬುದನ್ನು ಸರಕಾರಿ ಕಾಗದದಲ್ಲಿ ಬರೆದಿಟ್ಟಿದ್ದಾರೆ. ತೋಟವಿದ್ದವರಿಗೆ ಬೆಟ್ಟ. ತೋಟವಿಲ್ಲದವರು ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದರೂ ಆ ಕಾಗದದಲ್ಲಿ ಅವರ ಹೆಸರಿಲ್ಲ. ನಮ್ಮ ಬಂಧುಗಳಲ್ಲಿ ಹೆಚ್ಚಿನವರು ಈ ಎರಡನೆಯ ಗುಂಪಿಗೆ ಸೇರಿದವರು. ಸಣ್ಣ ವ್ಯಾಪಾರ, ಗಾರೆ ಕೆಲಸ, ವಾಹನ ಓಡಿಸುವುದು, ಕೊಯ್ಲಿನ ಕಾಲದಲ್ಲಿ ತೋಟದ ಕೂಲಿ. ನಮ್ಮವರ ಬದುಕು ಹೀಗೆ ಸಾಗಿ ಬಂದಿದೆ.

2020ರಲ್ಲಿ ಈ ಬೆಟ್ಟಗಳಿಗೆ ಹೊಸ ಫಸಲೊಂದು ಬಂತು. ಅದರ ಹೆಸರು ನೆಟ್‌ವರ್ಕ್. ಕೊರೋನಾ ಕಾಲದಲ್ಲಿ ಶಾಲೆ ಕಾಲೇಜುಗಳು ಬಾಗಿಲು ಹಾಕಿ ಪಾಠವೆಲ್ಲ ಮೊಬೈಲಿಗೆ ಬಂದಾಗ, ಕಣಿವೆಯ ಮನೆಗಳಲ್ಲಿ ಸಿಗದ ಸಿಗ್ನಲ್ ಬೆಟ್ಟದ ನೆತ್ತಿಯಲ್ಲಿ ಒಂದೋ ಎರಡೋ ಗೀಟಿನಷ್ಟು ಸಿಗುತ್ತಿತ್ತು. ಮಕ್ಕಳು ಕೊಡೆ, ಪ್ಲಾಸ್ಟಿಕ್ ಹೊದಿಕೆ, ಚಾಪೆ ಹಿಡಿದು ಬೆಟ್ಟ ಹತ್ತಿದರು. ಕೆಲವೆಡೆ ತಂದೆಯರು ಅಡಿಕೆ ದಬ್ಬೆ ಕಟ್ಟಿ ಸಣ್ಣ ಮಾಡನ್ನೇ ಹಾಕಿಕೊಟ್ಟರು. ಮಲೆನಾಡಿನ ಮಳೆ, ಕಾಲಿಗೆ ಹತ್ತುವ ಉಂಬಳ, ಸಂಜೆಯಾದರೆ ಕಾಡುಪ್ರಾಣಿಯ ಭಯ, ಇದೆಲ್ಲದರ ನಡುವೆ ಪಾಠ. ಪತ್ರಿಕೆಗಳಲ್ಲಿ ಚಿತ್ರಗಳು ಬಂದವು. ನೋಡಿದವರು ಮಕ್ಕಳ ಛಲವನ್ನು ಹೊಗಳಿದರು. ಮಕ್ಕಳನ್ನು ಬೆಟ್ಟ ಹತ್ತಿಸಿದವರು ಯಾರು ಎಂದು ಕೇಳಿದವರು ಕಡಿಮೆ.

ನಮ್ಮ ಅಕ್ಕನ ಮಗಳು ಆಗ ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಪಿಯುಸಿ ವಿಜ್ಞಾನ ಓದುತ್ತಿದ್ದಳು. ಮನೆಯಲ್ಲಿದ್ದದ್ದು ಒಂದೇ ಸ್ಮಾರ್ಟ್ ಫೋನು. ಅದು ಬಾಡಿಗೆ ವಾಹನ ಓಡಿಸುವ ಭಾವನದ್ದು. ಬಾಡಿಗೆಯ ಕರೆ ಬರುವುದೂ ಅದಕ್ಕೇ. ಅವರು ಹೊರಟರೆಂದರೆ ಪಾಠವೂ ವಾಹನದ ಜೊತೆ ಹೊರಟು ಹೋಗುತ್ತಿತ್ತು. ಫೋನು ಮನೆಯಲ್ಲಿದ್ದ ದಿನ ಇನ್ನೊಂದು ತೊಡಕು. ಹರೆಯದ ಹುಡುಗಿಯನ್ನು ಒಬ್ಬಳೇ ಬೆಟ್ಟಕ್ಕೆ ಕಳಿಸುವುದು ಹೇಗೆ? ಪಕ್ಕದ ಹವ್ಯಕರ ಮನೆಯ ಹುಡುಗಿಯೂ ಅದೇ ತರಗತಿಯವಳು. ಕೊನೆಗೆ ಇಬ್ಬರೂ ಒಟ್ಟಿಗೆ ಹತ್ತುವುದೆಂದೂ, ಫೋನು ಅವರದ್ದು, ಜೊತೆಗೆ ಕಾವಲಿಗೆ ಹೋಗುವುದು ನಮ್ಮ ಅಕ್ಕನೆಂದೂ ಎರಡು ಮನೆಯ ತಾಯಂದಿರು ಮಾತಾಡಿಕೊಂಡರು. ಆ ಬೆಟ್ಟದ ಸವಲತ್ತು ಇದ್ದದ್ದು ಅವರ ಮನೆಗೇ. ಆದರೆ ಅಲ್ಲಿ ಕೂತು ಓದುವುದಕ್ಕೆ ಅವರು ಕಾಗದ ನೋಡಲಿಲ್ಲ.

2021ರಲ್ಲಿ ಸರಕಾರ ದ್ವಿತೀಯ ಪಿಯುಸಿ ಪರೀಕ್ಷೆಯನ್ನೇ ರದ್ದು ಮಾಡಿ ಎಲ್ಲರನ್ನೂ ತೇರ್ಗಡೆ ಮಾಡಿತು. ಹುಡುಗಿ ಪಾಸಾದಳು. ಆದರೆ ಬೆಟ್ಟದ ಮೇಲೆ ತುಂಡು ತುಂಡಾಗಿ ಕೇಳಿಸಿಕೊಂಡ ಗಣಿತದ ಮೇಲೆ ಮುಂದಿನ ಓದು ಕಟ್ಟುವ ಧೈರ್ಯ ಅವಳಿಗೆ ಬರಲಿಲ್ಲ. ಬಿ.ಎಸ್ಸಿ. ಬಿಟ್ಟು ಬಿ.ಎ. ಸೇರಿದಳು. ಅಂಕಪಟ್ಟಿಯಲ್ಲಿ ಈ ನಷ್ಟ ಎಲ್ಲಿಯೂ ಕಾಣುವುದಿಲ್ಲ. ಯಾವ ಸರಕಾರದ ಲೆಕ್ಕದಲ್ಲಿಯೂ ಇದು ಬರುವುದಿಲ್ಲ.

ಹಾಗಾದರೆ ಒಂದು ಊರಿಗೆ ಅಂತರ್ಜಾಲ ಬರಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು? ಹತ್ತು ಮನೆಯ ಕೇರಿಗೆ ಟವರ್ ಹಾಕಿದರೆ ಕಂಪನಿಗೆ ಗಿಟ್ಟುವುದಿಲ್ಲ ಎಂಬ ಮಾತು ನಮಗೆ ಅರ್ಥವಾಗುತ್ತದೆ. ವ್ಯಾಪಾರಿಗಳ ಮನೆಯಲ್ಲಿ ಬೆಳೆದವರಿಗೆ ಲಾಭ ನಷ್ಟ ಹೇಳಿಕೊಡಬೇಕಾಗಿಲ್ಲ. ಆದರೆ ಇದಕ್ಕಾಗಿಯೇ ಒಂದು ನಿಧಿ ಇದೆ ಎಂಬುದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ದೂರವಾಣಿ ಕಂಪನಿಗಳ ಆದಾಯದಲ್ಲಿ ನೂರಕ್ಕೆ 5ರಷ್ಟನ್ನು ತೆಗೆದು, ಲಾಭವಿಲ್ಲದ ಹಳ್ಳಿಗಳಿಗೆ ಸೌಕರ್ಯ ಕೊಡಲೆಂದು ಕೂಡಿಡುವ ಆ ನಿಧಿಗೆ 2003ರಲ್ಲಿ ಕಾನೂನಿನ ಬಲ ಸಿಕ್ಕಿತು. 2023ರ ದೂರಸಂಪರ್ಕ ಕಾಯ್ದೆ ಅದಕ್ಕೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿದೆ. ಅಂದರೆ ಸಿದ್ದಾಪುರದ ಕೂಲಿಯವನು ಹಾಕಿಸಿಕೊಳ್ಳುವ ರೀಚಾರ್ಜಿನಲ್ಲಿಯೂ ಅವನ ಊರಿನ ಟವರಿನ ಪಾಲು ಒಂದಿಷ್ಟು ಇದೆ. ಗ್ರಾಮ ಪಂಚಾಯತಿಗಳಿಗೆ ಕೇಬಲ್ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. 2022ರ ಜುಲೈಯಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿ ಒಪ್ಪಿತು. ಹಣವಿದೆ, ಯೋಜನೆ ಇದೆ. ನಮ್ಮ ಕಡೆಯೂ ಕೆಲವು ಟವರ್‌ಗಳು ಎದ್ದಿವೆ, ಅದನ್ನು ಹೇಳದಿದ್ದರೆ ತಪ್ಪಾದೀತು. ಆದರೆ ಮಳೆಗಾಲದಲ್ಲಿ ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರೂ ಕಣ್ಣು ಮುಚ್ಚುತ್ತದೆ. ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಯಾರಿಗೆ ಹೇಳಬೇಕು ಎಂಬುದೇ ತಿಳಿಯುವುದಿಲ್ಲ. ತಂತಿ ಎಳೆದದ್ದನ್ನು ಎಣಿಸುವವರು ಇದ್ದಾರೆ. ಅದರೊಳಗೆ ಮಾತು ಹರಿಯಿತೇ ಎಂದು ಎಣಿಸುವವರು ಇಲ್ಲ.

ಇದು ನಮ್ಮ ಮೂರು ತಾಲ್ಲೂಕಿನ ಗೋಳು ಮಾತ್ರವಲ್ಲ. 2025ರಲ್ಲಿಯೂ ಜಗತ್ತಿನಲ್ಲಿ ಸುಮಾರು 220 ಕೋಟಿ ಜನ ಅಂತರ್ಜಾಲದಿಂದ ಹೊರಗಿದ್ದಾರೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಅಂದಾಜು ಮಾಡಿದೆ. ಆದ್ದರಿಂದಲೇ ಇದರ ಬಗ್ಗೆ ದೇಶದೇಶಗಳು ಕೂಡಿ ಮಾತನಾಡುತ್ತ ಬಂದಿವೆ. ವಿಶ್ವಸಂಸ್ಥೆಯ ಮಾಹಿತಿ ಸಮಾಜ ಶೃಂಗಸಭೆ 2003ರಲ್ಲಿ ಜಿನೀವಾದಲ್ಲಿ, 2005ರಲ್ಲಿ ಟ್ಯುನೀಶಿಯಾದ ಟ್ಯುನಿಸ್ ನಗರದಲ್ಲಿ ನಡೆಯಿತು. ಅಂತರ್ಜಾಲದ ನಿಯಮಗಳನ್ನು ರೂಪಿಸುವ ಕೆಲಸದಲ್ಲಿ ಸರಕಾರ, ಖಾಸಗಿ ವಲಯ ಹಾಗೂ ನಾಗರಿಕ ಸಮಾಜ ಮೂವರಿಗೂ ಪಾತ್ರವಿದೆ ಎಂದು ಟ್ಯುನಿಸ್‌ನಲ್ಲಿ ಒಪ್ಪಿಕೊಂಡರು. ವರ್ಷಕ್ಕೊಮ್ಮೆ ಸೇರಿ ಚರ್ಚಿಸಲು ಒಂದು ವೇದಿಕೆ ಹುಟ್ಟಿತು. ಅದರ ಮೊದಲ ಸಭೆ 2006ರಲ್ಲಿ ಅಥೆನ್ಸ್‌ನಲ್ಲಿ. ಮೂರನೆಯದು 2008ರ ಡಿಸೆಂಬರಿನಲ್ಲಿ, ಮುಂಬಯಿ ದಾಳಿಯ ದುಃಖ ಆರುವ ಮೊದಲೇ, ನಮ್ಮ ನೆರೆಯ ಹೈದರಾಬಾದಿನಲ್ಲಿ. ಆ ವರ್ಷದ ಘೋಷವಾಕ್ಯ 'ಎಲ್ಲರಿಗಾಗಿ ಅಂತರ್ಜಾಲ'. ಆಗ ನಾವು ಶಿರಸಿ ಪೇಟೆಯ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟೆಂದು ಹಣ ಕೊಟ್ಟು ಪುಟ ತೆರೆಯುವುದನ್ನು ಕಾಯುತ್ತ ಕುಳಿತಿರುತ್ತಿದ್ದೆವು. ಎಲ್ಲರಿಗಾಗಿ ಎಂದ ಆ ಸಭೆಯ ಸುದ್ದಿ ಎಲ್ಲರಲ್ಲಿ ಒಬ್ಬರಾದ ನಮಗೆ ತಲುಪಲಿಲ್ಲ.

ಅಲ್ಲಿಯ ದೊಡ್ಡ ಜಗಳ ಲಗಾಮು ಯಾರ ಕೈಯಲ್ಲಿರಬೇಕು ಎಂಬುದು. ಅಂತರ್ಜಾಲದ ವಿಳಾಸಗಳನ್ನು ಹಂಚುವ ಐಕ್ಯಾನ್ ಸಂಸ್ಥೆ 1998ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ್ದು. 2016ರ ಅಕ್ಟೋಬರ್ 1ರವರೆಗೆ ಅದರ ಮುಖ್ಯ ಕೆಲಸದ ಮೇಲೆ ಅಮೆರಿಕ ಸರಕಾರದ ಕಣ್ಗಾವಲು ಇತ್ತು. ಒಂದೇ ದೇಶಕ್ಕೆ ಈ ಅಧಿಕಾರವೇಕೆ ಎಂದು ಬಡ ದೇಶಗಳು ಕೇಳಿದ್ದು ನ್ಯಾಯವೇ. ಭಾರತ 2011ರಲ್ಲಿ, ಸರಕಾರಗಳೇ ಕೂರುವ ಒಂದು ಸಮಿತಿ ವಿಶ್ವಸಂಸ್ಥೆಯಲ್ಲಿ ಬೇಕು ಎಂದು ಮಂಡಿಸಿತು. 2015ರ ಹೊತ್ತಿಗೆ, ಸರಕಾರವಲ್ಲದೆ ಎಲ್ಲ ಪಾಲುದಾರರೂ ಕೂರುವ ಕ್ರಮವೇ ಸರಿ ಎಂದಿತು. ಎರಡರಲ್ಲೂ ಗುಣವಿದೆ, ದೋಷವಿದೆ. ಸರಕಾರಗಳೇ ಕೂತರೆ ಪ್ರಜೆಯ ಬಾಯಿ ಮುಚ್ಚುವ ಅಪಾಯ. ಎಲ್ಲರೂ ಬನ್ನಿ ಎಂದರೆ ವಿಮಾನದ ಟಿಕೆಟ್ಟೂ ಇಂಗ್ಲಿಷೂ ಇದ್ದವರು ಮಾತ್ರ ಬರುವ ಅಪಾಯ. ಬಾಗಿಲು ತೆರೆದಿಟ್ಟಿದ್ದೇವೆ ಎನ್ನುವುದಕ್ಕೂ ದಾರಿ ಮಾಡಿಕೊಟ್ಟಿದ್ದೇವೆ ಎನ್ನುವುದಕ್ಕೂ ವ್ಯತ್ಯಾಸವಿದೆ.

ದೂರದಲ್ಲಿ ಆದ ತೀರ್ಮಾನವನ್ನು ಪ್ರಶ್ನಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ 1981ರಲ್ಲಿ ಶಿರಸಿಯಲ್ಲಿಯೇ ತೋಟಿಗರೂ ವಿಜ್ಞಾನಿಗಳೂ ಒಟ್ಟಿಗೆ ಕುಳಿತು ಅದರ ಲಾಭ ನಷ್ಟದ ಲೆಕ್ಕ ಹಾಕಿದರು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಕೊಡಲಿ ನಿಂತಿತು. ನಮ್ಮ ಕಾಡಿನ ವಿಷಯ ನಮ್ಮನ್ನು ಕೇಳದೆ ತೀರ್ಮಾನಿಸಬೇಡಿ ಎಂಬುದಷ್ಟೇ ಅಪ್ಪಿಕೋ ಚಳವಳಿಯ ತಿರುಳು. ಮರವನ್ನು ಅಪ್ಪಿಕೊಳ್ಳಬಹುದು, ಕಣ್ಣಿಗೆ ಕಾಣುತ್ತದೆ. ಅಂತರ್ಜಾಲದ ನಿಯಮವನ್ನು ಅಪ್ಪಿಕೊಳ್ಳುವುದು ಹೇಗೆ ಎಂಬುದು ಈಗಿನ ಪ್ರಶ್ನೆ.

ಅದೂ ಸಾಧ್ಯ ಎಂಬುದಕ್ಕೆ ನಮ್ಮ ಬರವಣಿಗೆಯ ಬದುಕಿನಿಂದಲೇ ಒಂದು ಉದಾಹರಣೆ ಕೊಡಬಹುದು. ನಾವು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವರು. ಉರ್ದುವಿನಲ್ಲಿ ಜೀಮ್ ಬೇರೆ, ಜ಼ೇ ಬೇರೆ. ಕನ್ನಡದಲ್ಲಿ ಇರುವುದು ಒಂದೇ ಜ. ನಮ್ಮ ಕಥೆಗಳಲ್ಲಿ ಬರುವ ಜ಼ೊಹರಾ, ಜ಼ುಬೇದಾ ಇವರೆಲ್ಲ ಅಚ್ಚಿಗೆ ಹೋದಾಗ ತಮ್ಮ ಹೆಸರಿನ ಅರ್ಧ ಸದ್ದನ್ನು ಮನೆಯಲ್ಲೇ ಬಿಟ್ಟು ಹೋಗಬೇಕಾಗಿತ್ತು. ಅಕ್ಷರದ ಕೆಳಗೆ ಎರಡು ಚುಕ್ಕಿ ಇಟ್ಟು ಬರೆಯುವ ಪದ್ಧತಿ ಕನ್ನಡದಲ್ಲಿ ಇತ್ತು. ಆದರೆ ಗಣಕಯಂತ್ರಕ್ಕೆ ಅದು ಗೊತ್ತಿರಲಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯುನಿಕೋಡ್ ಪಟ್ಟಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದೆ. ಆ ಎರಡು ಚುಕ್ಕಿಗಳಿಗೆ, ಅಂದರೆ ನುಕ್ತಾಕ್ಕೆ, ಜಾಗ ಸಿಕ್ಕಿದ್ದು 2003ರ ನಾಲ್ಕನೆಯ ಆವೃತ್ತಿಯಲ್ಲಿ. ದೊಡ್ಡ ದೊಡ್ಡ ಕಂಪನಿಗಳು ಸದಸ್ಯರಾಗಿರುವ ಆ ಕೂಟಕ್ಕೆ ಕನ್ನಡದ ಚುಕ್ಕಿ ತಾನಾಗಿ ಹೊಳೆಯುವುದಿಲ್ಲ. ಹೊಸ ಚಿಹ್ನೆ ಬೇಕಾದವರು ಕಾರಣ ಬರೆದು, ಬೇಡಿಕೆ ಸಲ್ಲಿಸಬೇಕು. ಹಾಗೆ ಯಾರೋ ಕೇಳಿದ್ದರಿಂದ ಇಂದು ನಮ್ಮ ಜ಼ೊಹರಾ ಪೂರ್ತಿ ಹೆಸರಿನೊಂದಿಗೆ ಓದುಗರ ಮುಂದೆ ನಿಲ್ಲುತ್ತಾಳೆ.

ಯುನಿಕೋಡ್ ಬಳಕೆಗೆ ಬರುವ ಮೊದಲಿನ ಪಾಡನ್ನು ನಮ್ಮ ವಾರಿಗೆಯ ಬರಹಗಾರರು ಮರೆಯಲಾರರು. ಮಿಂಚಂಚೆಯಲ್ಲಿ ಒಂದು ಪತ್ರಿಕೆಗೆ ನಾವು ಕಳಿಸಿದ ಕಥೆ ಅಲ್ಲಿ ತೆರೆದಾಗ ಚೌಕಗಳೂ ಪ್ರಶ್ನಾರ್ಥಕ ಚಿಹ್ನೆಗಳೂ ಆಗಿ ಕಂಡಿತ್ತಂತೆ. ನಮ್ಮಲ್ಲಿದ್ದ ಅಕ್ಷರ ವಿನ್ಯಾಸ ಅವರಲ್ಲಿ ಇರಲಿಲ್ಲ. ಮತ್ತೆ ಮುದ್ರಿಸಿ ಕೊರಿಯರ್ ಮಾಡಿದೆವು. ಉರ್ದುವಿನ ಕಷ್ಟ ಇನ್ನೂ ದೊಡ್ಡದು. ಇಳಿಜಾರಾಗಿ ಹರಿಯುವ ನಸ್ತಲೀಖ್ ಬರಹವನ್ನು ಗಣಕಕ್ಕೆ ಕಲಿಸುವುದು ಸುಲಭವಾಗಿರಲಿಲ್ಲ. ಉರ್ದು ಪತ್ರಿಕೆಗಳು ವರ್ಷಗಳ ಕಾಲ ತಮ್ಮ ಪುಟಗಳನ್ನು ಚಿತ್ರ ಮಾಡಿಯೇ ಅಂತರ್ಜಾಲಕ್ಕೆ ಹಾಕುತ್ತಿದ್ದವು. ಚಿತ್ರವನ್ನು ನೋಡಬಹುದು, ಹುಡುಕಲಾಗದು. ಹುಡುಕಲು ಬಾರದ ಭಾಷೆ ಅಂತರ್ಜಾಲದಲ್ಲಿ ಇದ್ದೂ ಇಲ್ಲದ ಹಾಗೆ.

ಹಾಗೆಂದು ಉರ್ದು ಎಲ್ಲದರಲ್ಲೂ ಹಿಂದೆ, ಕನ್ನಡ ಎಲ್ಲದರಲ್ಲೂ ಮುಂದೆ ಎಂದಲ್ಲ. ನಮ್ಮ ಲಿಪಿಗಳಲ್ಲಿಯೇ ಜಾಲತಾಣದ ವಿಳಾಸ ಬರೆಯಲು ಬರುವಂತೆ 'ಭಾರತ' ಎಂಬ ಕೊನೆಯ ಪದವನ್ನು 2011ರಲ್ಲಿ ಮೊದಲು ಏಳು ಭಾಷೆಗಳಿಗೆ ಕೊಟ್ಟರು. ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ತಮಿಳು, ತೆಲುಗು, ಉರ್ದು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಮನೆಯ ಎರಡು ಭಾಷೆಗಳಲ್ಲಿ ಒಂದು ಒಳಗೆ, ಒಂದು ಹೊಸ್ತಿಲಾಚೆ. ಕನ್ನಡದ ಸರದಿ ಬಂದದ್ದು ಕೆಲವು ವರ್ಷಗಳ ಮೇಲೆ. ಆಗಲೂ ಇನ್ನೊಂದು ಕೆಲಸ ಬಾಕಿ ಇತ್ತು. ಕನ್ನಡದ ಲ, ಜ, ಬ ಮೊದಲಾದ ಅಕ್ಷರಗಳು ತೆಲುಗಿನವಕ್ಕೆ ಅವಳಿಯಂತೆ ಕಾಣುತ್ತವೆ. ಈ ಹೋಲಿಕೆಯನ್ನು ಬಳಸಿಕೊಂಡು ಬ್ಯಾಂಕಿನ ಹೆಸರಿನಲ್ಲಿ ನಕಲಿ ವಿಳಾಸ ಮಾಡಿ ಜನರಿಗೆ ಟೋಪಿ ಹಾಕಬಹುದು. ಇದನ್ನು ತಡೆಯಲು ಕನ್ನಡ, ತೆಲುಗು ಸೇರಿ ಒಂಬತ್ತು ಲಿಪಿಗಳನ್ನು ಬಲ್ಲವರ ಒಂದು ಮಂಡಳಿ ಐಕ್ಯಾನ್‌ಗಾಗಿ ಕೂತು, ಯಾವ ಅಕ್ಷರ ಯಾವುದಕ್ಕೆ ಸಮ, ಯಾವುದರ ಪಕ್ಕ ಯಾವುದು ಬರಬಾರದು ಎಂದು ನಿಯಮ ಬರೆಯಿತು. ಹಳ್ಳಿಯ ಪಿಂಚಣಿ ಹಣ ಕಳ್ಳರ ಪಾಲಾಗದಂತೆ ಕಾಯುವ ಕೆಲಸ ಹೀಗೆ ಅಕ್ಷರದ ತಲೆಕಟ್ಟಿನಿಂದ ಶುರುವಾಗುತ್ತದೆ. ಅಂತರರಾಷ್ಟ್ರೀಯ ಸಹಕಾರ ಎಂಬ ದೊಡ್ಡ ಮಾತಿನ ಒಳಗೆ ಇರುವುದು ಇಂಥ ಸಣ್ಣ, ಬೇಸರದ, ಬಹಳ ತಾಳ್ಮೆಯ ಕೆಲಸ. ಕನ್ನಡ ಬಲ್ಲವರು ಅಲ್ಲಿ ಇಲ್ಲದಿದ್ದರೆ ಕನ್ನಡದ ನಿಯಮವನ್ನು ಕನ್ನಡ ಬಾರದವರು ಬರೆಯುತ್ತಿದ್ದರು.

ಅಕ್ಷರದ ಮಾತು ಹೀಗಾದರೆ ಕರೆಯ ಮಾತು ಇನ್ನೊಂದು. ನಮ್ಮ ಕಡೆಯ ಎಷ್ಟೋ ಮನೆಗಳ ಹುಡುಗರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ತಾಯಿ ಇಲ್ಲಿ ಸಿಗ್ನಲ್ ಹುಡುಕಿ ದಿಬ್ಬ ಹತ್ತುತ್ತಾಳೆ. ಮಗನಿರುವ ದುಬೈಯಲ್ಲಿ ಸಿಗ್ನಲ್ಲಿಗೆ ಬರವಿಲ್ಲ, ಆದರೆ ವಾಟ್ಸಾಪ್ ಕರೆಯನ್ನು ಅಲ್ಲಿನ ನಿಯಮ ವರ್ಷಗಟ್ಟಲೆ ತಡೆದಿಟ್ಟಿತು. ಈ ತುದಿಯಲ್ಲಿ ತಂತಿಯ ಬಡತನ, ಆ ತುದಿಯಲ್ಲಿ ನಿಯಮದ ಗೋಡೆ. ನಡುವೆ ತಾಯಿ ಮಗನ ಐದು ನಿಮಿಷದ ಮಾತು. ಎರಡು ಸರಕಾರಗಳೂ ಎರಡು ಕಂಪನಿಗಳೂ ಆ ಐದು ನಿಮಿಷದೊಳಗೆ ಕುಳಿತಿವೆ. ಅಮ್ಮಿಯನ್ನು ಯಾರೂ ಕೇಳಿಲ್ಲ.

ಬಾಗಿಲಿಗೆ ಬೀಗ ಹಾಕುವವರು ನಮ್ಮೊಳಗೂ ಇದ್ದಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಗಂಡಸರಲ್ಲಿ 57 ಮಂದಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದರೆ, ನೂರು ಹೆಂಗಸರಲ್ಲಿ ಬಳಸಿದವರು 33 ಮಂದಿ ಮಾತ್ರ. ಈ ಅಂತರಕ್ಕೆ ಟವರ್ ಕಾರಣವಲ್ಲ. ಒಂದೇ ಮನೆಯಲ್ಲಿ ಒಂದೇ ಟವರಿನ ಕೆಳಗೆ ಅಣ್ಣನ ಕೈಗೆ ಸಿಗುವ ಫೋನು ತಂಗಿಯ ಕೈಗೆ ಸಿಗುವುದಿಲ್ಲ. ಹುಡುಗಿ ಕೆಟ್ಟಾಳು ಎಂಬ ಭಯ ಹುಡುಗನ ವಿಷಯದಲ್ಲಿ ನಮಗೇಕೆ ಬರುವುದಿಲ್ಲ? ಕೇರಳದ ಫಹೀಮಾ ಶಿರಿನ್ ಎಂಬ ವಿದ್ಯಾರ್ಥಿನಿಯ ಪ್ರಕರಣವನ್ನು ನಮ್ಮ ಮನೆಗಳಲ್ಲಿ ಓದಿ ಹೇಳಬೇಕು. ಸಂಜೆ ಆರರಿಂದ ಹತ್ತರವರೆಗೆ ಹುಡುಗಿಯರು ಫೋನು ಬಳಸಬಾರದೆಂಬ ಹಾಸ್ಟೆಲಿನ ನಿಯಮವನ್ನು ಅವಳು ಒಪ್ಪಲಿಲ್ಲ. ಹೊರಗೆ ಹಾಕಿದರು. ಅವಳು ಹೈಕೋರ್ಟಿಗೆ ಹೋದಳು. ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಹಾಗೂ ಖಾಸಗಿತನದ ಹಕ್ಕಿನ ಭಾಗ ಎಂದು 2019ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟು ಹೇಳಿ ಅವಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಜಿನೀವಾದ ಸಭಾಂಗಣದಲ್ಲಿ ಹೇಳುವ ಮಾತನ್ನು ಒಬ್ಬ ಹುಡುಗಿ ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತು ಹೇಳಿದಳು.

ಬೀಗ ಸರಕಾರದ ಕೈಯಲ್ಲೂ ಇದೆ. 2019ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಗೋಲಿಬಾರ್ ನಡೆದಾಗ ದಕ್ಷಿಣ ಕನ್ನಡದ ಮೊಬೈಲ್ ಅಂತರ್ಜಾಲವನ್ನು ನಿಲ್ಲಿಸಿದ್ದರು. ತಮ್ಮವರು ಕ್ಷೇಮವೇ ಎಂದು ತಿಳಿಯಲು ಜನ ಒದ್ದಾಡಿದ ಹೊತ್ತು ಅದು. ಕಾಶ್ಮೀರದ ನಿರ್ಬಂಧದ ಬಗ್ಗೆ ಪತ್ರಕರ್ತೆ ಅನುರಾಧಾ ಭಸೀನ್ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2020ರ ಜನವರಿ 10ರಂದು, ಹೀಗೆ ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ, ಆದೇಶವನ್ನು ಪ್ರಕಟಿಸಬೇಕು ಎಂದು ಹೇಳಿದೆ. ವದಂತಿಯಿಂದ ಊರು ಉರಿಯುವುದನ್ನು ಕಂಡಿರುವ ಉತ್ತರ ಕನ್ನಡದವರಾದ ನಾವು, ಸುಳ್ಳು ಸುದ್ದಿಗೆ ಕಡಿವಾಣ ಬೇಡ ಎನ್ನುವವರಲ್ಲ. ಸುಳ್ಳು ಹರಡಿದವನನ್ನು ಹಿಡಿಯುವುದು ಒಂದು, ಇಡೀ ಜಿಲ್ಲೆಯ ಬಾಯಿಗೆ ಬಟ್ಟೆ ತುರುಕುವುದು ಇನ್ನೊಂದು.

ಯಲ್ಲಾಪುರದ ಕಡೆಯ ಸಿದ್ದಿಗಳ ಮಾತು ಹೇಳದೆ ಈ ಲೇಖನ ಮುಗಿಸಲಾಗದು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ತರಲ್ಪಟ್ಟವರ ಈ ಸಂತತಿಯಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಕಾಡಂಚಿನ ಒಂದು ಕೇರಿಯಲ್ಲಿ ನಮಗೆ ಪರಿಚಯದ ಅಜ್ಜಿಯೊಬ್ಬರಿದ್ದಾರೆ. ಪಡಿತರಕ್ಕೆ ಹೆಬ್ಬೆಟ್ಟು ಒತ್ತಬೇಕು. ದುಡಿದು ಸವೆದ ಬೆರಳಿನ ಗೆರೆಗಳನ್ನು ಯಂತ್ರ ಕೆಲವೊಮ್ಮೆ ಗುರುತಿಸುವುದಿಲ್ಲ. ಗುರುತಿಸಿದ ದಿನ ನೆಟ್‌ವರ್ಕ್ ಇರುವುದಿಲ್ಲ. ಒಂದೇ ತಿಂಗಳ ಅಕ್ಕಿಗೆ ಅವರು ಎರಡು ಮೂರು ಸಲ ನಡೆದದ್ದುಂಟು. ಅಕ್ಕಿಯೂ ಇಲ್ಲೇ ಇದೆ, ಬೆರಳೂ ಇಲ್ಲೇ ಇದೆ, ನಡುವೆ ಬೇಡ ಅನ್ನುವವರು ಯಾರು ಎಂದು ಅವರು ನಮ್ಮನ್ನು ಕೇಳಿದ್ದರು. ಅಂತರ್ಜಾಲದ ಆಡಳಿತದ ಬಗ್ಗೆ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನಾವು ಎಲ್ಲಿಯೂ ಓದಿಲ್ಲ. ಒಳಗೊಳ್ಳುವಿಕೆ ಎಂಬ ಮಾತಿಗೆ ಅರ್ಥ ಬರಬೇಕಾದರೆ ಉತ್ತರ ಹೇಳಬೇಕಾದದ್ದು ಈ ಪ್ರಶ್ನೆಗೆ.

2025ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ಟ್ಯುನಿಸ್‌ನಲ್ಲಿ ಹುಟ್ಟಿದ ಆ ಚರ್ಚಾ ವೇದಿಕೆಯನ್ನು ಖಾಯಂಗೊಳಿಸಿತು. ಒಳ್ಳೆಯದಾಯಿತು. ಖಾಯಂ ಮೇಜಿನ ಸುತ್ತ ಯಾರು ಕೂರುತ್ತಾರೆ ಎಂಬುದು ಇನ್ನು ಮುಂದಿನ ಮಾತು. ಸಿದ್ದಾಪುರದಿಂದ ಜಿನೀವಾಕ್ಕೆ ಹೋಗುವವರು ಯಾರು ಎಂದು ನಗಬೇಕಾಗಿಲ್ಲ. ಮೊದಲ ಮೇಜು ಊರಲ್ಲೇ ಇದೆ. ಗ್ರಾಮಸಭೆಯಲ್ಲಿ ನೀರು, ರಸ್ತೆ, ಬೀದಿದೀಪದ ಜೊತೆ ಟವರಿನ ಮಾತನ್ನೂ ಎತ್ತಬೇಕು, ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಎಷ್ಟು ದಿನ ಸಂಪರ್ಕ ಇರಲಿಲ್ಲ ಎಂಬ ಲೆಕ್ಕವನ್ನು ಊರೇ ಇಡಬೇಕು. 2021ರಲ್ಲಿ ಮಲೆನಾಡಿನ ಕೆಲವು ಹಳ್ಳಿಗಳು ನೆಟ್‌ವರ್ಕ್ ಕೊಡದಿದ್ದರೆ ಮತವಿಲ್ಲ ಎಂದವು. ಮತ ಬಿಡುವುದಕ್ಕಿಂತ ಮತ ಕೇಳಲು ಬಂದವರ ಮುಂದೆ ಆ ಲೆಕ್ಕ ಹಿಡಿಯುವುದು ಮೇಲು. ಮಸೀದಿ ಕಮಿಟಿಗಳು, ಮಹಿಳಾ ಸಂಘಗಳು, ಸಹಕಾರಿ ಸಂಘಗಳು ಇದನ್ನು ಒಂದೇ ಜಮಖಾನದ ಮೇಲೆ ಕೂತು ಮಾತಾಡಬಹುದು. ಉರ್ದು ಕನ್ನಡ ಎರಡೂ ಬಲ್ಲ ನಮ್ಮ ಹುಡುಗ ಹುಡುಗಿಯರು ಲಿಪಿ, ಪದಕೋಶ, ಕನ್ನಡ ವಿಕಿಪೀಡಿಯದ ಕೆಲಸಕ್ಕೆ ಕೈ ಹಚ್ಚಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯಾರ ಅಪ್ಪಣೆಗೂ ಕಾಯದೆ ಜನರೇ ಬರೆದು ಬೆಳೆಸಿದ್ದು. ನಮ್ಮ ಸೀಮೆಯ ಹಳ್ಳಿಗಳ ಬಗ್ಗೆ ಅಲ್ಲಿ ಬರೆಯಬೇಕಾದದ್ದು ಬಹಳ ಇದೆ.

ಕೇಳದೆ ಕೊಟ್ಟದ್ದು ದಾನವಾಗುತ್ತದೆ, ಕೊಟ್ಟವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಕೇಳಿ ಪಡೆದದ್ದು ಹಕ್ಕಾಗಿ ಉಳಿಯುತ್ತದೆ. ಜ ಅಕ್ಷರದ ಕೆಳಗಿನ ಆ ಎರಡು ಚುಕ್ಕಿಗಳೂ ಕೇಳಿದ ಮೇಲೆಯೇ ಬಂದವು.